2023ರ ಅಕ್ಟೋಬರ್ ಅನಿಮೆಗಳು: ಮೊದಲ ಕಂತುಗಳ ಬಗ್ಗೆ ನಿಮ್ಮ ಅನಿಸಿಕೆ ಬರೆಯಿರಿ (ಅಜ್ಜಿಗೆ ಫ್ರೀರೆನ್ ಹೇಳಿದ ಕಥೆಯೂ ಇದೆ)

ತುಂಗಾತೀರ · ಅಕ್ಟೋಬರ್ 8, 2023

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಬಂತು, ಹೊಸ ಅನಿಮೆಗಳ (ಜಪಾನಿನ ಕಾರ್ಟೂನ್ ಸರಣಿಗಳ) ಸುಗ್ಗಿ ಶುರುವಾಗಿದೆ. ಜಪಾನಿನ ಟೀವಿಯವರಿಗೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಅಂತ ವರ್ಷಕ್ಕೆ ನಾಲ್ಕು ಬೆಳೆ. ಒಂದು ಬೆಳೆಗೆ ಹನ್ನೆರಡೋ ಹದಿಮೂರೋ ಕಂತು. ಈ ಸಲ ಬಂದಿರುವುದನ್ನೆಲ್ಲ ಒಬ್ಬರೇ ನೋಡಿ ಮುಗಿಸುವುದು ಆಗದ ಮಾತು. ಯಾರು ಏನು ನೋಡಿದಿರೋ ಅದನ್ನು ಇಲ್ಲಿ ಬರೆಯಿರಿ, ಉಳಿದವರಿಗೆ ದಾರಿಯಾಗುತ್ತದೆ.

ನಾನು ಫ್ರೀರೆನ್‌ನಿಂದ ಶುರು ಮಾಡ್ತೇನೆ. ಸೆಪ್ಟೆಂಬರ್ 29ರ ಶುಕ್ರವಾರ ಜಪಾನಿನ ಎನ್‌ಟಿವಿಯಲ್ಲಿ, ಸಿನಿಮಾ ಹಾಕುವ ರಾತ್ರಿ ಒಂಬತ್ತರ ಹೊತ್ತಿಗೆ, ಎರಡು ಗಂಟೆ ಒಟ್ಟಿಗೆ ಬಂತು. ಆ ಹೊತ್ತಿನಲ್ಲಿ ಟೀವಿ ಅನಿಮೆಯೊಂದು ಶುರುವಾಗಿದ್ದು ಇದೇ ಮೊದಲು. ನಾಲ್ಕು ಕಂತುಗಳ ಸಾಮಾನು ಅದರಲ್ಲಿದೆ. ನಮ್ಮಲ್ಲಿ ಅವತ್ತು ಕಾವೇರಿ ನೀರಿಗಾಗಿ ಕರ್ನಾಟಕ ಬಂದ್. ನಾನು ಹಿಂದಿನ ದಿನವೇ ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಕಡೆ ನಮ್ಮೂರಿಗೆ ಹೋಗಿದ್ದೆ, ಸೋಮವಾರ ಗಾಂಧಿ ಜಯಂತಿಯೂ ಸೇರಿ ಉದ್ದ ರಜೆ. ಶನಿವಾರ ಸಂಜೆ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅಜ್ಜಿ ಪಕ್ಕದಲ್ಲಿ ಅಡಿಕೆ ಹೋಳು ಮಾಡ್ತಾ ಕೂತಿದ್ದರು. "ಅದೇನೋ ಅದು, ಅಷ್ಟು ಜನ ಯಾಕೆ ಕಪ್ಪು ಬಟ್ಟೆ ಹಾಕ್ಕೊಂಡು ನಿಂತಿದಾರೆ?" ಅಂತ ಕೇಳಿದರು. ಅಲ್ಲಿಂದ ಶುರು. ಹಿಂದಕ್ಕೆ ಹೋಗಿ ಮೊದಲಿನಿಂದ ಹಾಕಿ, ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲು ಓದಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ.

ಕಥೆ ಗೊತ್ತಿಲ್ಲದವರಿಗೆ: ನಾಲ್ಕು ಜನ ಹತ್ತು ವರ್ಷ ಅಲೆದು ದುಷ್ಟರಾಜನನ್ನು ಕೊಂದು ಊರಿಗೆ ಬರುತ್ತಾರೆ. ಬೇರೆಯವರು ಅಲ್ಲಿಗೆ ಮುಗಿಸುವ ಕಥೆ, ಇದು ಅಲ್ಲಿಂದ ಶುರುವಾಗುತ್ತದೆ. ಮಾಂತ್ರಿಕಳಾದ ಫ್ರೀರೆನ್ ಸಾವಿರ ವರ್ಷಕ್ಕೂ ಮೇಲೆ ಬದುಕುವ ಎಲ್ಫ್ ಅನ್ನುವ ಜಾತಿಯವಳು. ಅವಳಿಗೆ ಹತ್ತು ವರ್ಷ ಅಂದರೆ ನಮಗೆ ಒಂದು ಬೇಸಿಗೆ ರಜೆ. ಐವತ್ತು ವರ್ಷಕ್ಕೊಮ್ಮೆ ಬರುವ ಉಲ್ಕಾಮಳೆಯನ್ನು ಮುಂದಿನ ಸಲ ಒಳ್ಳೇ ಜಾಗದಲ್ಲಿ ತೋರಿಸ್ತೀನಿ ಅಂತ ಹೇಳಿ ಹೊರಟುಬಿಡುತ್ತಾಳೆ. ಐವತ್ತು ವರ್ಷ ಬಿಟ್ಟು ಬಂದಾಗ ನಾಯಕ ಹಿಮ್ಮೆಲ್ ಕುಳ್ಳಗಾಗಿ, ತಲೆ ಬೋಳಾಗಿ, ಬಿಳಿ ಗಡ್ಡ ಬಿಟ್ಟುಕೊಂಡು ನಿಂತಿದ್ದಾನೆ. ಉಲ್ಕೆ ನೋಡಿದ ಮೇಲೆ ತೀರಿಹೋಗುತ್ತಾನೆ. ಮಣ್ಣು ಮಾಡುವಾಗ ಇವಳ ಕಣ್ಣಲ್ಲಿ ನೀರಿಲ್ಲ ಅಂತ ಜನ ಆಡಿಕೊಳ್ಳುತ್ತಾರೆ. ಆಮೇಲೆ ಅಳು ಬರುತ್ತದೆ. ಅವನ ಬಗ್ಗೆ ನನಗೇನೂ ಗೊತ್ತಿಲ್ಲವಲ್ಲ, ತಿಳಿದುಕೊಳ್ಳೋಣ ಅಂತ ಯಾಕೆ ಅನ್ನಿಸಲಿಲ್ಲ ಅಂತ.

ಅಜ್ಜಿ ಅಡಿಕೆ ಕತ್ತರಿ ಕೆಳಗಿಟ್ಟರು. "ಹತ್ತು ವರ್ಷ ಜೊತೆಗಿದ್ದೂ ಒಂದಿನಾನೂ ನಿಂದು ಯಾವೂರು, ಮನೇಲಿ ಯಾರ್ಯಾರಿದಾರೆ ಅಂತ ಕೇಳ್ಲಿಲ್ವೇನೋ ಇವ್ಳು?" ಅಂದರು. ಮಂಗಾ (ಇದರ ಮೂಲ ಚಿತ್ರಕಥೆ ಪುಸ್ತಕ) ಓದಿದ್ದೆ, ಕಥೆ ಗೊತ್ತಿತ್ತು, ಆದರೂ ಆ ಮಾತಿಗೆ ನನಗೆ ಗಂಟಲು ಕಟ್ಟಿತು.

ಚಿತ್ರ ಮ್ಯಾಡ್‌ಹೌಸ್ ಅವರದು, ನಿರ್ದೇಶನ ಕೆಯಿಚಿರೊ ಸೈಟೊ. ಕಳೆದ ವರ್ಷ ಅವರದೇ ಬೊಚ್ಚಿ ಅನ್ನುವ ಅನಿಮೆ ನೋಡಿದವರಿಗೆ ಈ ಹೆಸರು ಗೊತ್ತು. ಸಂಗೀತ ಇವಾನ್ ಕಾಲ್. ನನ್ನ ಮಟ್ಟಿಗೆ ಈ ಸುಗ್ಗಿಯಲ್ಲಿ ಇದಕ್ಕೆ ಸಾಟಿಯಿಲ್ಲ.

ರಾತ್ರಿಪಾಳಿ · ಅಕ್ಟೋಬರ್ 8

ಗುರು, ನಿಮ್ಮಜ್ಜಿಗೆ ನನ್ನ ನಮಸ್ಕಾರ ಹೇಳಿ.

ನಾನು ನೋಡಿದ್ದು ಸ್ಪೈ ಫ್ಯಾಮಿಲಿ ಎರಡನೇ ಸೀಸನ್ನಿನ ಮೊದಲ ಕಂತು (ಪುಟ್ಟ ಹುಡುಗಿ ಆನ್ಯಾ ಹಾಗೇ ಇದ್ದಾಳೆ, ಖುಷಿ), ಶಾಂಗ್ರಿಲಾ ಫ್ರಾಂಟಿಯರ್ (ಗೇಮ್ ಆಡುವವರಿಗೆ ಹಬ್ಬ), ಅನ್‌ಡೆಡ್ ಅನ್‌ಲಕ್ (ಇನ್ನೆರಡು ಕಂತು ನೋಡಿ ಹೇಳ್ತೀನಿ). ಜುಜುತ್ಸು ಜುಲೈಯಿಂದ ನಡೀತಾನೇ ಇದೆ, ಈಗ ಶಿಬುಯಾ ಭಾಗ, ಉಸಿರು ಬಿಡೋಕೆ ಬಿಡ್ತಿಲ್ಲ.

ನನಗೆ ಕೇಳಬೇಕಾಗಿರೋದು ದುಡ್ಡಿನ ವಿಷಯ. ಅನಿಮೆ ತೋರಿಸೋ ಆ್ಯಪ್ ಕ್ರಂಚಿರೋಲ್ ತಿಂಗಳಿಗೆ 79 ರೂಪಾಯಿ, ಅದು ಸರಿ. ಪ್ಲುಟೊ ಅನ್ನೋ ಅನಿಮೆ ತಿಂಗಳ ಕೊನೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಬರ್ತಿದೆ, ಮೊಬೈಲ್ ಪ್ಲಾನ್ 149. ಇನ್ನೊಂದೆರಡು ಸರಣಿ ಮತ್ತೆಲ್ಲೋ. ಎಲ್ಲ ಸೇರಿದರೆ ನಮ್ಮಮ್ಮ ತಿಂಗಳ ಹಾಲಿಗೆ ಎತ್ತಿಡೋ ಅಷ್ಟಾಗತ್ತೆ. ಒಂದು ಸೇವೇಲಿ ನಾನು ಚಂದಾ ನಿಲ್ಲಿಸಿದ ಮೇಲೂ ಆಟೋಪೇಯಲ್ಲಿ ಎರಡು ತಿಂಗಳು ದುಡ್ಡು ಹೋಯ್ತು. ಬ್ಯಾಂಕ್ ಆ್ಯಪ್‌ನಲ್ಲಿ ಮ್ಯಾಂಡೇಟ್ ರದ್ದು ಮಾಡಿದ ಮೇಲಷ್ಟೇ ನಿಂತಿದ್ದು. ಸೇವೆಯ ಆ್ಯಪ್‌ನಲ್ಲಿ ನಿಲ್ಲಿಸಿದರೆ ಸಾಲದು, ಯುಪಿಐ ಆ್ಯಪ್‌ನೊಳಗೂ ಹೋಗಿ ನೋಡಿ ಎಲ್ಲರೂ.

ಸ್ಟುಟ್‌ಗಾರ್ಟ್ ಕನ್ನಡಿಗ · ಅಕ್ಟೋಬರ್ 9

ತುಂಗಾತೀರ ಅವರೇ, ಫ್ರೀರೆನ್ ಬಗ್ಗೆ ಇಲ್ಲಿ ಜರ್ಮನಿಯಲ್ಲಿ ಕೂತವನಿಗೆ ಮಾತ್ರ ಸಿಗುವ ಒಂದು ರುಚಿ ಇದೆ. ಅದರಲ್ಲಿರುವ ಹೆಸರುಗಳೆಲ್ಲ ಜರ್ಮನ್. ನಾನು ಇಲ್ಲಿಗೆ ಬಂದು ಆರು ವರ್ಷ ಆಯಿತು. ಮೊದಲ ಚಳಿಗಾಲದಲ್ಲಿ ಕಲಿತ ಮೊದಲ ಹತ್ತು ಕ್ರಿಯಾಪದಗಳಲ್ಲಿ "ಫ್ರೀರೆನ್" ಒಂದು: ಚಳಿಗೆ ನಡುಗು, ಮರಗಟ್ಟು. ಹಿಮ್ಮೆಲ್ ಅಂದರೆ ಆಕಾಶ, ಸ್ವರ್ಗ ಅಂತಲೂ ಹೌದು. ಪಾದ್ರಿ ಹೈಟರ್‌ನ ಹೆಸರಿಗೆ ಹಸನ್ಮುಖ ಅಂತ ಅರ್ಥ. ತಂಡದ ಯೋಧ ಐಸೆನ್, ಅಂದರೆ ಕಬ್ಬಿಣ. ಅವನ ಶಿಷ್ಯ ಷ್ಟಾರ್ಕ್, ಅಂದರೆ ಗಟ್ಟಿ, ಬಲಶಾಲಿ. ಫ್ರೀರೆನ್‌ಳ ಶಿಷ್ಯೆ ಫೆರ್ನ್, ಅಂದರೆ ದೂರ.

ಮೂರನೇ ಕಂತಿನಲ್ಲಿ ಎಂಬತ್ತು ವರ್ಷ ಬಂದಿಯಾಗಿದ್ದ ರಾಕ್ಷಸ ಕ್ವಾಲ್ ಬರುತ್ತಾನಲ್ಲ, ಆ ಪದಕ್ಕೆ ಯಾತನೆ ಅಂತ ಅರ್ಥ. ಆ ಕಂತು ನನಗೆ ತುಂಬ ಹಿಡಿಸಿತು. ಅವನು ಕಂಡುಹಿಡಿದ ಕೊಲ್ಲುವ ಮಂತ್ರ ಆ ಕಾಲಕ್ಕೆ ತಡೆಯೇ ಇಲ್ಲದ್ದು. ಅವನು ಕಲ್ಲಾಗಿದ್ದ ಎಂಬತ್ತು ವರ್ಷದಲ್ಲಿ ಮನುಷ್ಯರು ಅದನ್ನು ಕೂತು ಓದಿ, ಬಿಡಿಸಿ, ಗುರಾಣಿ ಮಾಡಿ, ಕೊನೆಗೆ ಎಲ್ಲ ಮಾಂತ್ರಿಕರೂ ದಿನಾ ಬಳಸುವ ಸಾಧಾರಣ ಮಂತ್ರ ಮಾಡಿಬಿಟ್ಟಿದ್ದಾರೆ. ಹದಿಹರೆಯದ ಫೆರ್ನ್ ಅದನ್ನು ಸಲೀಸಾಗಿ ತಡೆದು ನಿಲ್ಲುತ್ತಾಳೆ. ನಾನು ಮಾಡುವ ಕೆಲಸ ಎಂಜಿನ್ ಭಾಗಗಳ ಪರೀಕ್ಷೆ. ಒಂದು ಕಾಲದ ಅದ್ಭುತ ಇನ್ನೊಂದು ಕಾಲದ ಪಾಠವಾಗುವುದನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿದ್ದು ನೋಡಿಲ್ಲ.

ಹಳೇ ಪೀಸಿ · ಅಕ್ಟೋಬರ್ 12

16ಬಿಟ್ ಸೆನ್ಸೇಷನ್ ಯಾರೂ ಹೇಳಲೇ ಇಲ್ಲ? ಚಿತ್ರ ಬರೆಯೋ ಹುಡುಗಿ ಕೊನೊಹಾ 2023ರಿಂದ 1992ರ ಅಕಿಹಬಾರಾಕ್ಕೆ, ಅಂದರೆ ಟೋಕಿಯೋದ ಎಲೆಕ್ಟ್ರಾನಿಕ್ಸ್ ಪೇಟೆಗೆ, ಹೋಗಿ ಬೀಳ್ತಾಳೆ. ಪೀಸಿ-98 ಕಂಪ್ಯೂಟರ್, ಫ್ಲಾಪಿ, ಪರದೆ ಮೇಲೆ ಹದಿನಾರೇ ಬಣ್ಣ, ಅಷ್ಟರಲ್ಲಿ ಚುಕ್ಕಿ ಚುಕ್ಕಿ ಇಟ್ಟು ಮುಖ ಬರೀಬೇಕು. ಕಥೆ ಎಲ್ಲಿಗೆ ಹೋಗತ್ತೋ ನೋಡಬೇಕು, ಆದರೆ ಆ ಬೀದಿ ತೋರಿಸಿದ ರೀತಿ! ನಾನು ತೊಂಬತ್ತರ ದಶಕದಲ್ಲಿ ಎಸ್.ಪಿ. ರೋಡಲ್ಲಿ ಬೋರ್ಡ್ ರಿಪೇರಿ ಮಾಡ್ತಿದ್ದೆ. ಹೆಗಲಿಗೆ ಹೆಗಲು ತಾಗೋ ಅಂಗಡಿ, ತಲೆ ಮೇಲೆ ನೇತಾಡೋ ಕೇಬಲ್ಲು, ಬಿಡಿಭಾಗ ಸುರಿದಿಟ್ಟ ತಗಡಿನ ಡಬ್ಬ. ಆ ವಾಸನೆ ಸಮೇತ ನೆನಪಾಯ್ತು. ನನ್ನ ಮಗಳು ಪಕ್ಕ ಕೂತು "ಅಪ್ಪ, ಇದೆಲ್ಲ ನಿಜವಾಗ್ಲೂ ಇತ್ತಾ?" ಅಂತ ಕೇಳಿದಳು. ಅಟ್ಟದ ಮೇಲಿಂದ ಐದೂಕಾಲು ಇಂಚಿನ ಫ್ಲಾಪಿ ತೆಗೆದು ಕೈಗೆ ಕೊಟ್ಟೆ.

ಕುಡ್ಲದ ಕ್ಯಾಮೆರಾ · ಅಕ್ಟೋಬರ್ 15

ನಾನೊಂದು ಹೇಳ್ಬೇಕು ಮಾರಾಯ್ರೆ. ಓವರ್‌ಟೇಕ್ ಅಂತ ಒಂದು ಬರ್ತಾ ಉಂಟು, ಟ್ರಾಯ್ಕಾ ಸ್ಟುಡಿಯೊದ್ದು, ಮಂಗಾ ಏನೂ ಇಲ್ಲ, ಸ್ವಂತ ಕಥೆ. ಫಾರ್ಮುಲಾ ಫೋರ್ ರೇಸ್. ರೇಸ್ ನನಗೆ ಒಂಚೂರೂ ಗೊತ್ತಿಲ್ಲ. ಆದ್ರೆ ಅದರ ನಾಯಕ ಒಬ್ಬ ಫೋಟೊಗ್ರಾಫರ್, ಮನುಷ್ಯರ ಮುಖ ತೆಗೀಲಿಕ್ಕೆ ಅವನಿಗೆ ಆಗುದಿಲ್ಲ. ಕ್ಯಾಮೆರಾ ಎತ್ತಿದ್ರೆ ಕೈ ನಿಲ್ಲುದಿಲ್ಲ. ಯಾಕೆ ಅಂತ ಇನ್ನೂ ಹೇಳ್ಲಿಲ್ಲ. ಫುಜಿ ಸ್ಪೀಡ್‌ವೇಯಲ್ಲಿ ಸಣ್ಣ ತಂಡದ ಹರುಕಾ ಅಂತ ಒಬ್ಬ ಹುಡುಗನನ್ನು ನೋಡ್ತಾನೆ, ಅಲ್ಲಿಂದ ಅವನೊಳಗೆ ಏನೋ ಅಲುಗಾಡ್ತದೆ.

ನಾನು ಮದುವೆ, ಕೋಲ, ಯಕ್ಷಗಾನ ಎಲ್ಲ ತೆಗೀತೇನೆ. ಅಪ್ಪ ಹೋದ ವರ್ಷ ನಾಲ್ಕು ತಿಂಗಳು ನನಗೂ ಮುಖ ತೆಗೀಲಿಕ್ಕೆ ಆಗ್ಲಿಲ್ಲ. ವೇಷದ ಕಿರೀಟ ತೆಗ್ದೆ, ಗೆಜ್ಜೆ ತೆಗ್ದೆ, ಚೆಂಡೆ ಬಡಿಯುವ ಕೈ ತೆಗ್ದೆ. ಮುಖ ಬಂದ ಕೂಡ್ಲೆ ಕ್ಯಾಮೆರಾ ಕೆಳಗೆ. ಅದನ್ನು ಯಾರ ಹತ್ರ ಹೇಳುದು ಅಂತ ಗೊತ್ತಿರ್ಲಿಲ್ಲ. ಎಲ್ಲೋ ಜಪಾನಿನಲ್ಲಿ ಕೂತವ್ರು ಅದನ್ನು ಬರ್ದಿದ್ದಾರೆ. ದಯಮಾಡಿ ನೋಡಿ, ಇದನ್ನು ಜಾಸ್ತಿ ಜನ ನೋಡ್ತಾ ಇಲ್ಲ.

ತುಂಗಾತೀರ · ಅಕ್ಟೋಬರ್ 15

ನೋಡ್ತೇನೆ, ಇವತ್ತೇ. ಬರೆದಿದ್ದಕ್ಕೆ ಧನ್ಯವಾದ.

ಸ್ಟುಟ್‌ಗಾರ್ಟ್ ಕನ್ನಡಿಗ · ಅಕ್ಟೋಬರ್ 21

ಫ್ರೀರೆನ್ ಏಳನೇ ಕಂತು ನೋಡದವರು ಇದನ್ನು ದಾಟಿ ಮುಂದೆ ಹೋಗಿ.

ರಾಕ್ಷಸರ ಕಡೆಯಿಂದ ಸಂಧಾನಕ್ಕೆ ಅಂತ ಒಬ್ಬ ಬರುತ್ತಾನೆ. ಮೃದುವಾದ ಮಾತು, ತಗ್ಗಿದ ತಲೆ. ಅವನ ಹೆಸರು ಲ್ಯೂಗ್ನರ್. ಜರ್ಮನ್‌ನಲ್ಲಿ ಅದಕ್ಕೆ ಸುಳ್ಳುಗಾರ ಅಂತ ಅರ್ಥ! ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಪಕ್ಕದಲ್ಲಿದ್ದ ಜರ್ಮನ್ ಗೆಳೆಯ ಹೆಸರು ಕೇಳಿದ ಕೂಡಲೇ ತಲೆ ಅಲ್ಲಾಡಿಸಿದ. ಜಪಾನಿನ ಮಕ್ಕಳಿಗೆ ಅದು ಬರೀ ಒಂದು ವಿದೇಶಿ ಹೆಸರು, ನಮಗೆ ಹಣೆ ಮೇಲೆ ಬರೆದ ಹಾಗೆ.

ಇದೇ ಕಂತಿನಲ್ಲಿ ಹಳೇ ಕಥೆಯೊಂದು ಬರುತ್ತದೆ. ಹಿಮ್ಮೆಲ್ ಕತ್ತಿ ಎತ್ತಿದಾಗ ಒಂದು ರಾಕ್ಷಸ ಮಗು "ಅಮ್ಮ" ಅನ್ನುತ್ತದೆ. ಅವನ ಕೈ ನಿಲ್ಲುತ್ತದೆ. ಊರ ಮುಖ್ಯಸ್ಥ ಅದನ್ನು ಮನೆಗೆ ಕರೆದುಕೊಂಡು ಹೋಗಿ ಸಾಕುತ್ತಾನೆ, ಅದು ಅವನನ್ನೇ ಕೊಲ್ಲುತ್ತದೆ. ರಾಕ್ಷಸರಿಗೆ ತಾಯಿ ಅನ್ನುವುದೇ ಇಲ್ಲವಲ್ಲ, ಮತ್ತೆ ಅಮ್ಮ ಅಂತ ಯಾಕೆ ಕೂಗಿದೆ ಅಂತ ಫ್ರೀರೆನ್ ಕೇಳುತ್ತಾಳೆ. ಹಾಗಂದರೆ ನೀವು ಕೊಲ್ಲುವುದಿಲ್ಲವಲ್ಲ, ಅದಕ್ಕೇ ಅಂತ ಉತ್ತರ. ರಾತ್ರಿ ನಿದ್ದೆ ಬರಲಿಲ್ಲ. ತುಂಗಾತೀರ ಅವರೇ, ಇದನ್ನು ಅಜ್ಜಿಗೆ ಹೇಗೆ ಹೇಳುತ್ತೀರಿ?

ಗುಳಿಗಿ ಅಂಗಡಿ · ಅಕ್ಟೋಬರ್ 24

ನಮಸ್ಕಾರ್ರಿ, ಹುಬ್ಬಳ್ಳಿಯಿಂದ. ನಾನು ಫಾರ್ಮಸಿ ಓದಾಕಿ, ಅಪ್ಪನ ಔಷಧಿ ಅಂಗಡ್ಯಾಗ ಕೂಡ್ತೀನಿ. ಮೊನ್ನೆ ಮೂರು ಕಂತು ಒಮ್ಮೆಲೇ ಬಂದಾವಲ್ಲ, ಅಪೊಥಿಕರಿ ಡೈರೀಸ್, ಅದರ ಬಗ್ಗೆ ಬರೀದಿದ್ರ ನಂಗ ಊಟ ಸೇರೂದಿಲ್ಲ.

ಹಳೇ ಚೀನಾದಂಥಾ ಒಂದು ರಾಜ್ಯ. ಮಾವೊಮಾವೊ ಅಂತ ಔಷಧಿ ಮಾಡೊ ಹುಡುಗಿ. ಅಕಿನ್ನ ಹೊತ್ಕೊಂಡು ಹೋಗಿ ಅಂತಃಪುರದಾಗ ಕೆಲಸಕ್ಕ ಮಾರಿರ್ತಾರ. ಅಲ್ಲಿ ಅರಸನ ಕೂಸುಗೋಳು ಒಂದಾದ ಮ್ಯಾಲೆ ಒಂದು ಸಾಯಾಕತ್ತಾವ, ಎಲ್ಲಾರೂ ಶಾಪ ಅಂತಾರ. ಇಕಿ ದೂರದಿಂದ ಒಮ್ಮೆ ನೋಡ್ತಾಳ, ಅಷ್ಟ. ತಾಯಂದಿರು ಮುಖಕ್ಕ ಹಚ್ಕೊಳ್ಳೊ ಬಿಳಿ ಪುಡಿ. ಅದರಾಗ ಸೀಸ ಐತಿ. ತನ್ನ ಲಂಗದ ಬಟ್ಟಿ ಹರದು, ಅದರ ಮ್ಯಾಲೆ ಬರದು, ಹೂವಿನ ಟೊಂಗಿಗೆ ಕಟ್ಟಿ ಕಿಟಕಿ ಹತ್ರ ಇಟ್ಟು ಬರ್ತಾಳ. ಒಬ್ಬಾಕಿ ಓದಿ ನಂಬ್ತಾಳ, ಕೂಸು ಉಳೀತೈತಿ. ಇನ್ನೊಬ್ಬಾಕಿ ನಂಬೂದಿಲ್ಲ.

ಇದು ಬರೇ ಕಥಿ ಅಲ್ರಿ. ಜಪಾನದಾಗ ನಟರು, ಹೆಣ್ಮಕ್ಕಳು ಇದನ್ನ ಶತಮಾನಗಟ್ಟಲೆ ಹಚ್ಚಿದ್ರು. 1887ರಾಗ ಚಕ್ರವರ್ತಿ ಮುಂದ ಕಬುಕಿ ನಾಟಕ ಆಡೊ ನಟನೊಬ್ಬನ ಕಾಲು ನಡುಗಾಕ ಹತ್ತಿ, ಸೀಸದ ವಿಷ ಅಂತ ಊರಿಗೆಲ್ಲ ಸುದ್ದಿ ಆಗಿತ್ತು. ಕೂಸಿನ ಮೈಗೆ ಸೀಸ ದೊಡ್ಡವರಿಗಿಂತ ಜಾಸ್ತಿ ಹತ್ತತೈತಿ, ಮಿದುಳಿಗೇ ಹೊಡಿತೈತಿ. ನಮ್ಮ ಕಡೆ ಸುರ್ಮಾದಾಗೂ ಸೀಸ ಇರತೈತಿ. ಅಂಗಡಿಗೆ ಬಂದ ತಾಯಂದಿರಿಗೆ "ಅವ್ವಾ, ಕೂಸಿನ ಕಣ್ಣಿಗೆ ಸುರ್ಮಾ ಬ್ಯಾಡ" ಅಂತ ಹೇಳಿದ್ರ ಕೆಲವರು ಕೇಳ್ತಾರ, ಕೆಲವರು ನನ್ನ ಮುಖ ನೋಡಿ ನಕ್ಕು ಹೋಗ್ತಾರ. ಆ ಬಟ್ಟಿ ಚೂರಿನ ಮ್ಯಾಲೆ ಬರದಿದ್ದು ನಾನ ಬರದಂಗ ಅನಿಸ್ತು.

ಅಕಿಗೆ ದನಿ ಕೊಟ್ಟಾಕಿ ಆಓಯಿ ಯೂಕಿ. ವಿಷ ಅಂತ ಗೊತ್ತಾದ ಕೂಡ್ಲೆ ಆ ದನ್ಯಾಗ ಏಳೊ ಖುಷಿ ಕೇಳ್ರಿ ಒಮ್ಮೆ.

ಇನ್ನೊಂದ್ ಮಾತು. ಮಾವೊಮಾವೊ ಅಂತಃಪುರದ ಅಧಿಕಾರಿ ಜಿನ್‌ಷಿ ಜೋಡಿ ಮಾತಾಡೂವಾಗ ಬಾಯಾಗ ಪೂರಾ ಮರ್ಯಾದಿ, ಕಣ್ಣಾಗ ಬ್ಯಾರೆ. ಇಂಗ್ಲಿಷ್ ಸಾಲಿನ್ಯಾಗ ಅದೆಲ್ಲಾ "ಯೂ" ಆಗಿ ಸತ್ತ ಹೋಗೈತಿ. ಕನ್ನಡದಾಗ "ತಾವು ಹೇಳಿದಂಗ ಆಗ್ಲಿರಿ" ಅಂತ ಒಂದ ಮಾತಿನಾಗ ಎಲ್ಲಾ ಬಂದಬಿಡತೈತಿ.

ತುಂಗಾತೀರ · ಅಕ್ಟೋಬರ್ 24

ಅಕ್ಕಾ, ನೀವು ಕೊನೆಗೆ ಹೇಳಿದ ಮಾತಿಗಾಗಿಯೇ ನಾನು ಈ ಎಳೆ ಶುರು ಮಾಡಿದ್ದು ಅನ್ನಿಸುತ್ತಿದೆ.

ಅಜ್ಜಿಗೆ ಹೇಳುವಾಗ ನನಗೆ ಮೊದಲು ಗೊತ್ತಾಗಿದ್ದು ಅದೇ. ಫೆರ್ನ್ ತನ್ನ ಗುರುವನ್ನು ಬಹುವಚನದಲ್ಲೇ ಮಾತಾಡಿಸುತ್ತಾಳೆ. ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿ, ತಲೆ ಬಾಚಿ, ಊಟ ಮಾಡಿಸುವಾಗಲೂ ಹಾಗೇ. ಇಂಗ್ಲಿಷ್‌ನಲ್ಲಿ ಓದುವಾಗ ಅದು ಬರೀ ಸಿಟ್ಟು. "ಏಳಿ ಫ್ರೀರೆನ್ ಅವರೇ, ಹೊತ್ತಾಯ್ತು" ಅಂತ ಹೇಳಿದ ಕೂಡಲೇ ಅಜ್ಜಿ "ಪಾಪದ ಹುಡುಗಿ, ಎಷ್ಟು ಚೆನ್ನಾಗಿ ನೋಡ್ಕೊತಾಳೆ" ಅಂದರು. ಜಪಾನಿ ಭಾಷೆಯಲ್ಲಿರುವ ಆ ಏರಿಳಿತ ನಮ್ಮಲ್ಲೂ ಹಾಗೇ ಇದೆ. ಹಿಂದಿ, ತಮಿಳು, ತೆಲುಗಿನಲ್ಲಿ ಅನಿಮೆ ಡಬ್ ಆಗಿ ಬರುತ್ತಿದೆ, ಕನ್ನಡದಲ್ಲಿ ನಾನು ಕಂಡಿಲ್ಲ. ನನಗೆ ಇದು ನಿಜವಾಗಿ ನೋಯುತ್ತದೆ. ನಮ್ಮಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ತಡೆ ಇತ್ತು, ಅದಕ್ಕೆ ಆ ಕಾಲದ ಕಾರಣವೂ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು. 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂದಾಗ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಒಲೆ ಮೇಲಿನ ಪಾತ್ರೆ ಇಳಿಸುತ್ತಿದ್ದರು. ನೋಡುವವರಿದ್ದಾರೆ ಅನ್ನಲು ನನಗೆ ಅಷ್ಟು ಸಾಕು.

ರಾತ್ರಿಪಾಳಿ · ಅಕ್ಟೋಬರ್ 25

ನಮ್ ಕಾಲದಲ್ಲಿ ಚಿಂಟು ಟೀವಿ ಇತ್ತಲ್ಲ, ಕಾರ್ಟೂನು ಕನ್ನಡದಲ್ಲಿ ಮಾತಾಡೋದು ಕೇಳಿ ಬೆಳೆದವನು ನಾನು. ನನ್ನ ತಂಗಿ ಮಗ ಈಗ ಹಿಂದೀಲಿ ಡೈಲಾಗ್ ಹೊಡೀತಾನೆ. ಅವನ ಬಾಯಲ್ಲಿ ಕನ್ನಡದ ಬೈಗುಳ, ಕನ್ನಡದ ಆಣೆ, ಕನ್ನಡದ ಸವಾಲು ಬರಬೇಕು ಅಂತ ಆಸೆ. ಆ್ಯಪ್‌ನಲ್ಲಿ ಅಭಿಪ್ರಾಯ ಬರೆಯೋ ಜಾಗ ಇರತ್ತೆ. ನಾನು ಕನ್ನಡ ಬೇಕು ಅಂತ ಬರೆದು ಕಳಿಸಿದೆ. ನೀವೂ ಕಳಿಸಿ.

ಸ್ಟುಟ್‌ಗಾರ್ಟ್ ಕನ್ನಡಿಗ · ಅಕ್ಟೋಬರ್ 29

ಪ್ಲುಟೊ 26ಕ್ಕೆ ಎಂಟೂ ಕಂತು ಒಟ್ಟಿಗೆ ಬಂತು, ಒಂದೊಂದು ಸುಮಾರು ಒಂದು ಗಂಟೆ. ಮಂಗಾ ಬರೆಯುತ್ತಿದ್ದ ಟೆಜುಕಾ 1964ರಲ್ಲಿ ತಮ್ಮ ಆಸ್ಟ್ರೊ ಬಾಯ್ ಸರಣಿಗಾಗಿ ಬರೆದ ಒಂದು ಕಥೆಯನ್ನು ಇನ್ನೊಬ್ಬ ಮಂಗಾ ಲೇಖಕ ಉರಸಾವಾ 2003ರಿಂದ 2009ರವರೆಗೆ ಹೊಸದಾಗಿ ಬರೆದಿದ್ದು. ಇದರ ಪತ್ತೇದಾರ ರೋಬೊ ಜರ್ಮನಿಯವನು, ಡ್ಯುಸೆಲ್‌ಡಾರ್ಫ್‌ನಲ್ಲಿ ಮನೆ, ಹೆಸರು ಗೆಸಿಷ್ಟ್. ಅಂದರೆ ಮುಖ. ಕುಡ್ಲದ ಕ್ಯಾಮೆರಾ ಅವರ ನೆನಪಾಯಿತು.

ಮೊದಲ ಕಂತಿನಲ್ಲೇ ಸ್ಕಾಟ್ಲೆಂಡಿನ ಒಂದು ಕೋಟೆಮನೆ. ಕಣ್ಣು ಕಾಣದ ಮುದಿ ಸಂಗೀತಗಾರ, ಅವನ ಮನೆಕೆಲಸಕ್ಕೆ ಬಂದ ರೋಬೊ. ಯುದ್ಧಕ್ಕೆ ಮಾಡಿದ ಯಂತ್ರ ಅದು, ನಿಲುವಂಗಿಯ ಒಳಗೆ ಇಡೀ ಮೈ ಆಯುಧ. ಇನ್ನು ಯುದ್ಧ ಬೇಡ, ಪಿಯಾನೊ ಕಲಿಯಬೇಕು ಅನ್ನುತ್ತದೆ. ಮುದುಕ ಬೈದು ಅಟ್ಟುತ್ತಾನೆ. ಅದು ಮತ್ತೆ ಬಂದು ಕೂರುತ್ತದೆ. ಅಷ್ಟೇ. ಉಳಿದಿದ್ದನ್ನು ಹೇಳುವುದಿಲ್ಲ. ಒಂದೇ ದಿನ ಎಂಟೂ ನೋಡಬೇಡಿ. ನಾನು ಮೊದಲನೆಯದರ ನಂತರ ಎರಡು ದಿನ ಬಿಟ್ಟೆ, ಬಿಟ್ಟಿದ್ದು ಒಳ್ಳೆಯದಾಯಿತು.

ಕುಡ್ಲದ ಕ್ಯಾಮೆರಾ · ನವೆಂಬರ್ 4

ಫ್ರೀರೆನ್‌ದು ಒಂಬತ್ತರವರೆಗೆ ನೋಡಿ ಮುಗಿಸ್ದೆ. ಒಂದು ತಕರಾರು ಉಂಟು. ನೀವೆಲ್ಲ "ರಾಕ್ಷಸ" ಅಂತ ಬರೀತಾ ಇದ್ದೀರಿ. ಆ ಶಬ್ದ ಇಲ್ಲಿಗೆ ಸರಿ ಕೂರುದಿಲ್ಲ.

ನಮ್ಮ ಆಟದಲ್ಲಿ ರಾಕ್ಷಸ ವೇಷ ಬರುವಾಗ ದೊಂದಿ, ರಾಳದ ಬೆಂಕಿ, ಅಬ್ಬರ, ಇಡೀ ಗದ್ದೆ ನಡುಗ್ತದೆ. ಆದ್ರೆ ಅವನಿಗೆ ಮನಸ್ಸು ಉಂಟು. ದೇವಿ ಮಹಾತ್ಮೆಯಲ್ಲಿ ಮಹಿಷಾಸುರನಿಗೆ ಮಾಲಿನಿ ಅಂತ ತಾಯಿ ಇದ್ದಾಳೆ. ರಾವಣನಿಗೆ ಭಕ್ತಿ ಉಂಟು, ತಂಗಿಯ ಮೇಲೆ ಪ್ರೀತಿ ಉಂಟು. ನಮ್ಮ ರಾಕ್ಷಸ "ಅಮ್ಮ" ಅಂದ್ರೆ ಅದು ಸುಳ್ಳಲ್ಲ. ಫ್ರೀರೆನ್‌ನಲ್ಲಿ ಬರುವವ್ರಿಗೆ ಒಳಗೆ ಏನೂ ಇಲ್ಲ, ಮನುಷ್ಯರ ಮಾತು ಕಲ್ತದ್ದೇ ಮೋಸಕ್ಕೆ. ಅಜ್ಜಿಗೆ ರಾಕ್ಷಸ ಅಂತ ಹೇಳಿದ್ರೆ ಅವ್ರ ತಲೆಗೆ ಬರುದು ಬೇರೆಯೇ.

ಗುಳಿಗಿ ಅಂಗಡಿ · ನವೆಂಬರ್ 5

ಖರೇ ಮಾತು ಐತಿ. ದೆವ್ವ ಅಂದ್ರೂ ಆಗೂದಿಲ್ಲ, ದೆವ್ವ ಅಂದ್ರ ಸತ್ತವ್ರು. ಪಿಶಾಚಿ?

ಹಳೇ ಪೀಸಿ · ನವೆಂಬರ್ 5

ನಮ್ಮ ತಂದೆ ಕನ್ನಡ ಪಂಡಿತರಾಗಿದ್ದರು. ಹಳಗನ್ನಡದಲ್ಲಿ "ಮರುಳ್" ಅಂತ ಒಂದು ಪದ ಇದೆ. ಯುದ್ಧಭೂಮಿಯ ವರ್ಣನೆ ಬಂದಾಗೆಲ್ಲ ಹೆಣಗಳ ನಡುವೆ ಮರುಳುಗಳು ಬರ್ತವೆ. ಪಿಶಾಚಿ ಥರದ್ದು. ಈಗ ನಾವು ಉಳಿಸಿಕೊಂಡಿರೋದು "ಮರುಳು ಮಾಡೋದು" ಅನ್ನೋದನ್ನ ಮಾತ್ರ. ಮಾತಿನಿಂದ ಮರುಳು ಮಾಡೋ ಮರುಳು. ಆಗತ್ತಾ ನೋಡಿ.

ಸ್ಟುಟ್‌ಗಾರ್ಟ್ ಕನ್ನಡಿಗ · ನವೆಂಬರ್ 5

ಸಾರ್!! ಲ್ಯೂಗ್ನರ್‌ನಂಥವನಿಗೆ ಹೇಳಿ ಮಾಡಿಸಿದ ಪದ.

ತುಂಗಾತೀರ · ನವೆಂಬರ್ 6

ಹಳೇ ಪೀಸಿಯವರೇ, ನಿಮ್ಮ ತಂದೆಯವರಿಗೆ ಕೈಮುಗಿದೆ. ಮರುಳು ಅಂತಲೇ ಇಟ್ಟುಕೊಳ್ಳುತ್ತೇನೆ. ಎಲ್ಫ್ ಅನ್ನುವುದಕ್ಕೆ ಯಕ್ಷಿ, ಗಂಧರ್ವರ ಹೆಣ್ಣು ಅಂತೆಲ್ಲ ಹೇಳಿ ನೋಡಿದೆ, ಯಾವುದೂ ಹೊಂದಲಿಲ್ಲ. ಅಜ್ಜಿಯೇ "ಆ ಉದ್ದ ಕಿವಿಯವ್ಳು" ಅನ್ನುತ್ತಾರೆ, ಅದೇ ಇರಲಿ.

ಮುಂದಿನ ಭಾನುವಾರ ದೀಪಾವಳಿ. ಶುಕ್ರವಾರ ಸಂಜೆ ಹತ್ತನೇ ಕಂತು ಬರುತ್ತದೆ, ಅದನ್ನು ಇಳಿಸಿಕೊಂಡ ಮೇಲೆಯೇ ಬಸ್ಸು ಹತ್ತಬೇಕು. ನಮ್ಮೂರಲ್ಲಿ ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕಾಗುತ್ತದೆ. ಡೌನ್‌ಲೋಡ್ ಬೇಕು ಅಂತಲೇ 79ರಿಂದ 99ರ ಪ್ಲಾನಿಗೆ ಹೋದೆ. ಐದರಿಂದ ಹತ್ತರವರೆಗೆ ಆರು ಕಂತು, ದಿನಕ್ಕೆರಡು. ನಿನ್ನೆ ಫೋನಿನಲ್ಲಿ ಅಜ್ಜಿ, "ಆ ಹುಡುಗಿಗೆ ಜೊತೆಗೆ ಯಾರಾದ್ರೂ ಸಿಕ್ಕಿದ್ರಾ, ಇನ್ನೂ ಇಬ್ರೇ ಹೋಗ್ತಿದಾರಾ?" ಅಂತ ಕೇಳಿದರು. ಷ್ಟಾರ್ಕ್ ಬಂದಿದ್ದಾನೆ ಅಂತ ಹೇಳಲಿಲ್ಲ, ನೋಡಿಯೇ ತಿಳಿಯಲಿ ಅಂತ.

ಏಳನೇ ಕಂತಿನ ಆ "ಅಮ್ಮ" ಬಂದಾಗ ಮಾತ್ರ ನಾನು ಏನೂ ಹೇಳುವುದಿಲ್ಲ ಅಂತ ಅಂದುಕೊಂಡಿದ್ದೇನೆ. ಜಪಾನಿಯಲ್ಲೇ ಕೇಳಿಸುತ್ತೇನೆ, ಅಜ್ಜಿಗೆ ಅರ್ಥವಾಗುತ್ತದಾ ನೋಡಬೇಕು. ಹಬ್ಬ ಮುಗಿಸಿ ಬಂದು ಬರೆಯುತ್ತೇನೆ. ಅಷ್ಟರಲ್ಲಿ ಅಪೊಥಿಕರಿ ಡೈರೀಸ್ ನೋಡುತ್ತಿರುವವರು ಮುಂದುವರಿಸಿ.